ಎಡಗಾಲಿನ ಬೂಟು

ಲಾ ಪಾಸ್‌ನಲ್ಲಿ ಬೂಟು ಪಾಲಿಶಿನವರು
ಮುಸುಕು ಹಾಕುತ್ತಾರೆ; ಕಣ್ಣೆರಡು ಬಿಟ್ಟರೆ ಬರೀ ಉಣ್ಣೆ.
ನನಗದು ಗೊತ್ತಿರಲಿಲ್ಲ.

ಮೂರು ದಿನದಿಂದ ತಂತಿಗಾಡಿಗಳು
ಊರ ನೆತ್ತಿಯ ಮೇಲೆ ಖಾಲಿ ತೂಗುತ್ತಿದ್ದವು.
ಸುಟ್ಟ ಬಸ್ಸೊಂದು ರಸ್ತೆಗೆ ಅಡ್ಡ ಮಲಗಿತ್ತು.
ಹೋಟೆಲಿನ ಹಸಿಂತಾ ಕರವಸ್ತ್ರಕ್ಕೆ ವಿನೆಗರ್ ಸುರಿದು
"ಮೂಗಿಗೆ, ಕಣ್ಣಿಗಲ್ಲ" ಎಂದಳು,
ಚಿಲಕ ತೆಗೆದಳು.

ಬ್ರೆಡ್ಡಿಗೆ ಹೊರಟವನು ನಾನು.
ಮೂಲೆ ತಿರುಗಿದ್ದೇ ಮುಸುಕೊಂದು ನನ್ನತ್ತ ಓಡಿಬಂತು.
ಕೈ ತಾನಾಗಿ ಮೇಲೆದ್ದಿತು: ದುಡ್ಡು, ಪಾಸ್‌ಪೋರ್ಟು, ತಗೋ ಮಾರಾಯ.
ಅವನು ರಟ್ಟೆ ಹಿಡಿದು ಅರೆತೆರೆದ ಶಟರಿನಡಿ ನೂಕಿದ,
ತಾನೂ ನುಸುಳಿ ಎಳೆದುಕೊಂಡ.
ಢಂ ಎಂದದ್ದು ಎಲ್ಲೋ, ತಿಳಿಯಲಿಲ್ಲ.

ಸಂದಿಯಲ್ಲಿ ಸಿಪಾಯಿಗಳ ಬೂಟು ದಾಟಿದವು, ಬರೀ ಬೂಟು.
ಅವನು ಬಗ್ಗಿ ನೋಡಿದ, ಕಸುಬಿನವನ ಕಣ್ಣಲ್ಲಿ,
ಛೇ ಎಂದು ಲೊಚಗುಟ್ಟಿದ.
ಆಮೇಲೆ ಪೆಟ್ಟಿಗೆ ಬಿಚ್ಚಿ ನನ್ನ ಬಲಗಾಲು ಎಳೆದುಕೊಂಡ.
ಬ್ರಶ್ಶಿನ ಸದ್ದು, ಹೊರಗಿನ ಸದ್ದು; ಯಾವುದಕ್ಕೆ ನಡುಗಿದೆನೋ.
ಹೆಸರು ಕೇಳಿದೆ.
ಮುಸುಕನ್ನು ಇನ್ನಷ್ಟು ಕೆಳಗೆಳೆದ.

ಗುಂಪಿನ ಕೂಗು ಮತ್ತೆ ಎದ್ದಾಗ
ಡಬ್ಬಿ ಮುಚ್ಚಿ ಹೊರಗೋಡಿದ, ಕಾಸು ಕೇಳದೆ.

ಮೂರು ವಿಮಾನ ಬದಲಿಸಿ ಬಂದೆ.
ಕಾವಲಿನವರು ಎಲ್ಲ ಕಡೆ ಬೂಟು ಬಿಚ್ಚಿಸಿದರು.
ಒಂದು ಫಳಫಳ; ಇನ್ನೊಂದರ ಮೇಲೆ ಆ ಬೀದಿಯ ಬೂದಿ.
ಯಾರೂ ಏನೂ ಕೇಳಲಿಲ್ಲ.