ಪಿಯಾನೋ ಬಿಚ್ಚುವವರು

ಒಂದು ಪಿಯಾನೋ ಬಿಚ್ಚಲು ಇಬ್ಬರಿಗೆ ನಲವತ್ತು ನಿಮಿಷ.
ಕಟ್ಟಲು ಎಷ್ಟು ದಿನ ಹಿಡಿಯುತ್ತಿತ್ತು ಎಂದು
ಮೇಂಗ್ ದೊಕ್ಸುವನ್ನು ಕೇಳಬೇಡಿ.
ಕೇಳಿದರೆ ಹೇಳುತ್ತಾನೆ, ಹೇಳುತ್ತಲೇ ಇರುತ್ತಾನೆ,
ಇಂಚಿಯೋನ್ ಬಂದರಿನ ಹಿಂದಿನ ಈ ತಗಡಿನ ಶೆಡ್ಡಿನಲ್ಲಿ
ಊಟದ ಹೊತ್ತು ಮೀರಿಹೋಗುತ್ತದೆ.

ಮೊದಲು ಮುಚ್ಚಳ. ಆಮೇಲೆ ಕೀಲಿಗಳು,
ಎಂಬತ್ತೆಂಟೂ, ಹಲ್ಲು ಕಿತ್ತ ಹಾಗೆ, ಒಂದೊಂದಾಗಿ.
ತಂತಿ ಸಡಿಲಿಸುವಾಗ ಮುಖ ಆಚೆಗಿಡು,
ನೇಪಾಳದ ಹುಡುಗ ಲೋಕೇಂದ್ರ ಘರ್ತಿಗೆ ಇದು ಮೊದಲ ಪಾಠ:
ಮೂವತ್ತು ವರ್ಷ ಸುಮ್ಮನೆ ಬಿಗಿದು ನಿಂತದ್ದು
ಒಮ್ಮೆಗೇ ಬಿಟ್ಟರೆ ಕಣ್ಣು ತೆಗೆಯುತ್ತದೆ.
ಕೊನೆಗೆ ಬೀಡುಕಬ್ಬಿಣದ ಚೌಕಟ್ಟು. ಕಾಸು ಬರುವುದು ಅದಕ್ಕೆ ಮಾತ್ರ.
ಮರ ಒಯ್ಯುವವನಿಗೆ ಎದುರು ಕಾಸು ತೆರಬೇಕು.

ದೊಕ್ಸು ಆರು ಮಕ್ಕಳಲ್ಲಿ ಐದನೆಯವನು.
ದಕ್ಷಿಣದ ಗದ್ದೆ, ಬಾರ್ಲಿ ಕೊಯ್ಲಿಗೆ ಮುಂಚಿನ ಹಸಿದ ತಿಂಗಳು,
ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ
ಎಂಬಂಥದೇ ಮಾತು ಅವರಲ್ಲೂ ಇತ್ತಂತೆ.
ಮೇಯಿಸಿದ, ಎನ್ನುತ್ತಾನೆ ದೊಕ್ಸು. ಪೈನ್ ಮರದ ತೊಗಟೆಯನ್ನೂ.
ಹದಿನೇಳಕ್ಕೆ ರೈಲು. ಪಿಯಾನೋ ಕಾರ್ಖಾನೆ.
ಒಂದು ಕೋಣೆಯಲ್ಲಿ ಹನ್ನೆರಡು ಜನ, ಎಲ್ಲರೂ
ಯಾರದೋ ನಾಲ್ಕನೆಯ, ಐದನೆಯ, ಏಳನೆಯ ಮಕ್ಕಳು.
ದೇಶ ಎದ್ದು ನಿಂತದ್ದು ಹಾಗೆ,
ಅನ್ನ ಸಾಲದ ಮನೆಗಳ ಮಿಕ್ಕ ಕೈಗಳನ್ನು ಊರಿಕೊಂಡು.

ಕೈ ಅಷ್ಟಿದ್ದಾಗಲೇ ಗೋಡೆಗಳು ಹೇಳತೊಡಗಿದ್ದವು: ಎರಡು ಸಾಕು.
ನಮ್ಮ ಆರತಿಗೊಬ್ಬಳು ಕೀರ್ತಿಗೊಬ್ಬ ಇದ್ದ ಹಾಗೆ.
ಆಮೇಲೆ, ಒಂದೇ ಸಾಕು.
ಆರತಿ ಕೀರ್ತಿ ಎರಡನ್ನೂ ಒಬ್ಬಳೇ ಹೊರಲಿ.
ಮೀಸಲು ಪಡೆಯ ಮೈದಾನದಲ್ಲಿ ಒಂದು ವ್ಯಾನು:
ಹತ್ತಿ ಇಳಿದರೆ ಉಳಿದ ಕವಾಯತು ಮಾಫಿ,
ಚೀಟಿ ತೋರಿಸಿದರೆ ಫ್ಲಾಟಿನ ಸರದಿಯಲ್ಲಿ ಮುಂದೆ.
ಮಗಳು ಯೊನ್‌ಜು ಆಗಿನ್ನೂ ಅಂಬೆಗಾಲಿಡುತ್ತಿದ್ದಳು.
ದೊಕ್ಸು ಹತ್ತಿದ. ಹದಿನೈದು ನಿಮಿಷ.
ಆರನೇ ಮಹಡಿ, ಬೆಚ್ಚನೆ ನೆಲ, ತಿರುಗಿಸಿದರೆ ನೀರು,
ನೌಕರರ ರಿಯಾಯಿತಿಯಲ್ಲಿ ಒಂದು ಪಿಯಾನೋ.

ಮನೆಗೊಂದು ಮಗು, ಮಗುವಿಗೊಂದು ಪಿಯಾನೋ.
ಮಕ್ಕಳು ಕಮ್ಮಿಯಾದಷ್ಟೂ ಒಬ್ಬೊಬ್ಬರ ಮೇಲೆ ಸುರಿಯುವುದು ಹೆಚ್ಚಿತು,
ಸುರಿದದ್ದಕ್ಕೆಲ್ಲ ಕಾರ್ಖಾನೆ ಎದ್ದಿತು, ಮೂರು ಪಾಳಿ,
ಪಾಳಿ ಮುಗಿಸಿ ಬಂದವರಿಗೆ
ಇನ್ನೊಂದು ತೊಟ್ಟಿಲಿಗೆ ಜಾಗವೆಲ್ಲಿ, ಅಲ್ಲಿ ಪಿಯಾನೋ ಇದೆ.
ಬೀಜ ಮೊದಲೋ ಮರ ಮೊದಲೋ ಎಂದರೆ
ದೊಕ್ಸು ಜೇಬಿನಲ್ಲಿ ಸಿಗರೇಟು ಹುಡುಕುತ್ತಾನೆ.

ಯೊನ್‌ಜುಗೆ ಈಗ ನಲವತ್ತೆರಡು. ವಿಮಾ ಕಂಪನಿಯಲ್ಲಿ
ಯಾರು ಎಷ್ಟು ವರ್ಷ ಬದುಕುತ್ತಾರೆಂದು ಲೆಕ್ಕ ಹಾಕುವ ಕೆಲಸ.
ಮದುವೆಯ ಮಾತೆತ್ತಿದಾಗ ಒಂದು ಹಾಳೆ ಮುಂದಿಟ್ಟಳಂತೆ:
ಮನೆಯ ಮುಂಗಡ, ಟ್ಯೂಷನ್, ರಜೆ ಹಾಕಿದರೆ ತಪ್ಪುವ ಬಡ್ತಿ.
ಕೆಳಗೆ ಮೊತ್ತ ಬರೆದಿರಲಿಲ್ಲ.
“ಅಪ್ಪ, ನೀನೇ ಕೂಡಿಸು.”
ಈಗ ಅದೇ ಸರ್ಕಾರ ಹೆತ್ತವರಿಗೆ ಹಣ ಕೊಡುತ್ತದೆ,
ಅದೇ ಗೋಡೆಯ ಮೇಲೆ ಬೇರೆ ಅಕ್ಷರ.
ಆ ವ್ಯಾನು ಮಾತ್ರ ಹಿಮ್ಮುಖವಾಗಿ ಓಡುವುದಿಲ್ಲ.

ಲೋಕೇಂದ್ರ ಫೋನು ತೋರಿಸುತ್ತಾನೆ:
ಆರು ವರ್ಷದ ಮಗ, ಕೊರಳಿಗೆ ಟೈ, ಇಂಗ್ಲಿಷ್ ಬೋರ್ಡಿಂಗ್ ಶಾಲೆ.
ಇಲ್ಲಿನ ಗುಜರಿ ಕಾಸು ಅಲ್ಲಿನ ಫೀಸು.
ಇನ್ನೊಂದು? ಬೆರಳೆತ್ತಿ ಕೇಳುತ್ತಾನೆ ದೊಕ್ಸು.
“ಹೆಂಡತಿ ಸಾಕು ಅಂತಾಳೆ. ಫೀಸು ಜಾಸ್ತಿ.”
ದೊಕ್ಸು ನಗಲಿಲ್ಲ. ಆ ಹಾಳೆ ಅವನಿಗೆ ಬಾಯಿಪಾಠ.

ಇವತ್ತಿನ ಮೂರನೆಯದರಲ್ಲಿ, ಕೀಲಿಗಳಡಿಯ ಧೂಳಿನಲ್ಲಿ,
ಒಂದು ನಾಣ್ಯ, ಪೆನ್ಸಿಲ್ ತುಂಡು, ಅಭ್ಯಾಸದ ಚೀಟಿ:
ಹತ್ತು ಸೊನ್ನೆ, ಒಮ್ಮೆ ಬಾರಿಸಿದರೆ ಒಂದಕ್ಕೆ ಬಣ್ಣ.
ಹತ್ತೂ ತುಂಬಿವೆ.
“ಸುಳ್ಳು,” ಎಂದ ದೊಕ್ಸು.
“ನನ್ನವಳೂ ಹಾಗೇ. ಮೂರು ಸಲ ಬಾರಿಸಿ ಹತ್ತು ತುಂಬುತ್ತಿದ್ದಳು.
ಅಡುಗೆಮನೆಯಲ್ಲಿ ಕೂತು ನಾನು ಎಣಿಸುತ್ತಿದ್ದೆ,
ಹೇಳುತ್ತಿರಲಿಲ್ಲ.”

ಚೀಟಿ ಜೇಬಿಗೆ ಹೋಯಿತು. ನಾಣ್ಯ ಲೋಕೇಂದ್ರನಿಗೆ.
ಇನ್ನು ಚೌಕಟ್ಟನ್ನು ತಕ್ಕಡಿಗೆ ಎತ್ತಬೇಕು. ಎಂಬತ್ತು ಕೆಜಿ.
ಆ ಕಡೆ ಹಿಡಿಯಲು
ಇನ್ನೊಬ್ಬ ಬೇಕಿತ್ತು.