ಅಲ್ಲಾಡಿದ ಕಿರುಬೆರಳು

ಹಾರ್ಶಮ್ ಆಸ್ಪತ್ರೆಯಲ್ಲಿ ನನ್ನದು ಎಕ್ಸ್‌ರೇ ಕೋಣೆ.
ದಿನಕ್ಕೆ ಹತ್ತಿಪ್ಪತ್ತು ಕೈ ಬರುತ್ತವೆ:
ಉಣ್ಣೆ ಕತ್ತರಿಸುವವನ ಹೆಬ್ಬೆರಳು,
ಫುಟ್‌ಬಾಲ್ ಹುಡುಗಿಯ ಮಣಿಕಟ್ಟು,
ಬಾಗಿಲ ಸಂದಿಗೆ ಸಿಕ್ಕ ಮೂರು ವರ್ಷದ ಬೆರಳುಗಳು.
ಅಂಗೈ ಊರಿಸಿ, ದೀಪದ ಚೌಕ ಹೊಂದಿಸಿ
ಅದೇ ಮಾತು ಮತ್ತೆ ಮತ್ತೆ:
ಅಲ್ಲಾಡಬೇಡಿ.

ಭಾನುವಾರ, ಗರಿವರ್ಡ್ ಬೆಟ್ಟಸಾಲಿನ ಪಡುವಣ ಮಗ್ಗುಲು.
ಮುಂದೆ ವರ್ನಾ. ಹೋದ ವರ್ಷ
ಆ ಮಂಡಿಯ ಒಳಗನ್ನು ನೋಡಿದವನು ನಾನೇ,
ಸವೆದು ಕಾಗದವಾಗಿತ್ತು.
ಈಗ ನನಗಿಂತ ಹತ್ತು ಹೆಜ್ಜೆ ಮುಂದಿದ್ದಾರೆ
ಕೋಲೂ ಇಲ್ಲದೆ.
ಮರಳು ದಾರಿ, ಕಾಂಗರೂ ಹಿಕ್ಕೆ,
ತೊಗಟೆ ಸುಲಿದುಕೊಂಡು ನಿಂತ ನೀಲಗಿರಿ ಮರಗಳು,
ಮೂಗಿನೊಳಗೇ ಮನೆ ಮಾಡಹೊರಟ ನೊಣ.

"ಮಾಂಜಾ" ಎಂದರು, ಬಂಡೆಯತ್ತ ಗದ್ದ ತೋರಿ.
ಅವರ ಮಾತಿನಲ್ಲಿ ಹಾಗೆಂದರೆ ಕೈ.
ನಗು ಬಂತು. ನಮ್ಮಲ್ಲಿ ಮಾಂಜಾ
ಗಾಳಿಪಟದ ದಾರಕ್ಕೆ ಸವರುವ ಗಾಜಿನ ಪುಡಿ,
ಕೈ ಕೊಯ್ಯುವಂಥದ್ದು.
ಹೇಳಿದೆ. ಅವರು ನಗಲಿಲ್ಲ,
"ಹತ್ತಿರದ್ದೇ" ಎಂದರು.

ಬಂಡೆ ಹುಬ್ಬು ಚಾಚಿ ನೆರಳು ಹಿಡಿದಿತ್ತು.
ನೆರಳಿಗೆ ಕಬ್ಬಿಣದ ಜಾಲರಿ,
ಜಾಲರಿಯಾಚೆ ಕೈಗಳು.
ಕೆಮ್ಮಣ್ಣು ಬಾಯಲ್ಲಿ ಕಲೆಸಿ
ಬಂಡೆಗೊತ್ತಿದ ಕೈಯ ಸುತ್ತ ಊದಿದ್ದು.
ಕೈ ತೆಗೆದ ಮೇಲೆ ಉಳಿದದ್ದು
ಕೈ ಇಲ್ಲದ ಜಾಗ.

ನನಗೆ ಈ ಕಸುಬು ಗೊತ್ತು.
ಕಿರಣ ಊದುತ್ತೇನೆ, ತಡೆದಷ್ಟು ಬೆಳ್ಳಗೆ ಉಳಿಯುತ್ತದೆ,
ಕೈಯವರು ಎದ್ದು ಹೋಗುತ್ತಾರೆ.
ಒಂದೇ ವ್ಯತ್ಯಾಸ:
ನಾನು ಉಸಿರು ಹಿಡಿಯಿರಿ ಅನ್ನುತ್ತೇನೆ,
ಇಲ್ಲಿ ಯಾರೋ ಉಸಿರು ಬಿಟ್ಟಿದ್ದಾರೆ.

ಕೆಳಗಡೆ, ಸೊಂಟದೆತ್ತರಕ್ಕೆ, ಒಂದು ಪುಟ್ಟ ಕೈ.
ಆರು ವರ್ಷ? ಏಳು?
ಮೂಳೆ ಕಂಡಿದ್ದರೆ ಹೇಳಿಬಿಡುತ್ತಿದ್ದೆ.
ನಾಲ್ಕು ಬೆರಳು ಖಚಿತ.
ಕಿರುಬೆರಳಿನ ಅಂಚು ಕದಡಿದೆ,
ಒಂದು ಬೆರಳಲ್ಲ, ಒಂದೂವರೆ.
ಅಲ್ಲಾಡಿದೆ ಮಗು.
ನೊಣ ಕೂತಿತೋ, ನಗು ತಡೆಯಲಿಲ್ಲವೋ,
ಮುಖಕ್ಕೆ ಸಿಡಿದ ಕೆಂಪು ತಂಪಾಯಿತೋ.
ನನ್ನ ಕೋಣೆಯಲ್ಲಾದರೆ ಇದು ಕಸ:
ಇನ್ನೊಮ್ಮೆ, ಪುಟ್ಟಾ, ಇನ್ನೊಂದೇ ಸಲ.
ಇಲ್ಲಿ ಯಾರೂ ಇನ್ನೊಮ್ಮೆ ಅನ್ನಲಿಲ್ಲ.

ಜಾಲರಿಯ ಅಂಚಿಗೆ ಬೇರೆ ಗೀರುಗಳಿದ್ದವು,
ಯಾರದೋ ಹೆಸರು, ಯಾವುದೋ ಇಸವಿ.
ವರ್ನಾ ಅತ್ತ ನೋಡಲಿಲ್ಲ,
ನೋಡದಿರುವುದು ಅವರಿಗೆ ರೂಢಿಯಾಗಿತ್ತು.

ನಾನು ಬಾಯಿ ಬಿಟ್ಟೆ. ಗಂಗಾವತಿಯ ಆಚೆ
ಗುಂಡುಗಲ್ಲಿನ ಗುಡ್ಡ, ಮೋರ್ಯಾರ ಮನೆಗಳು,
ಬಂಡೆಯಡಿ ಕೆಂಪು ಗೂಳಿ, ಸಾಲುಗಟ್ಟಿದ ಕಡ್ಡಿ ಮನುಷ್ಯರು.
ಆಡು ಮೇಯಿಸಲು ಬಂದ ಅಜ್ಜ ಕೂಗುತ್ತಿದ್ದ,
"ಏ, ಮುಟ್ಟಬ್ಯಾಡ್ರಲೇ, ಮೋರ್ಯಾರು ರಾತ್ರಿ ಬರ್ತಾರ!"
ಬರಲಿ ಎಂದು
ಗೂಳಿಯ ಹೊಟ್ಟೆಯ ಮೇಲೇ
ಸುಣ್ಣದ ಕಲ್ಲಿನಿಂದ ಬರೆದಿದ್ದೆ,
ಎನ್. ಈರಪ್ಪ, ಎಂಟನೇ ಬಿ.
ಬಂದಿರಲಿಲ್ಲ. ಮೂವತ್ತೊಂದು ವರ್ಷವಾಯಿತು.

ವರ್ನಾ ಬಹಳ ಹೊತ್ತು ಮಂಡಿ ನೀವಿಕೊಂಡರು.
"ಆ ಗುಡ್ಡ ಯಾರದು?
ಹತ್ತುವ ಮುಂಚೆ ಯಾರನ್ನು ಕೇಳುತ್ತೀರಿ?"
ನಾವು ಯಾರನ್ನೂ ಕೇಳುತ್ತಿರಲಿಲ್ಲ.
ಕೇಳಬೇಕಾದವರಿದ್ದರು ಎಂಬುದೇ ತಿಳಿದಿರಲಿಲ್ಲ.
ಅಜ್ಜನ ಮಾತು ಒಂದಿತ್ತು,
ಅದಕ್ಕೂ ನಗುತ್ತಿದ್ದೆವು.
ಅವರು ಬೈಯಲಿಲ್ಲ. ಬಾಟಲಿ ಚಾಚಿದರು.
ಬಿಸಿಯಾಗಿದ್ದ ನೀರು
ಪ್ಲಾಸ್ಟಿಕ್ಕಿನ ರುಚಿ.

ಇಳಿಯುವಾಗ ಜಾಲರಿಗೆ ಅಂಗೈ ತಾಗಿಸಿದೆ,
ಕಬ್ಬಿಣಕ್ಕೆ ಮಾತ್ರ.
ಕಾರಿನಲ್ಲಿ ಸ್ಟೀರಿಂಗ್ ಹಿಡಿದಾಗ ಕಂಡೆ,
ಅಂಗೈ ತುಂಬ ತುಕ್ಕಿನ ಚೌಕಳಿ.

ಸೋಮವಾರ ಒಬ್ಬ ಹುಡುಗ, ಮರದಿಂದ ಬಿದ್ದವನು.
ಅಲ್ಲಾಡಬೇಡ ಅಂದೆ. ಅಲ್ಲಾಡಿದ.
ಪರದೆಯ ಮೇಲೆ ಕಿರುಬೆರಳು ಒಂದೂವರೆ.
ಇನ್ನೊಮ್ಮೆ ತೆಗೆದೆ, ತೆಗೆಯಲೇಬೇಕು,
ಡಾಕ್ಟರಿಗೆ ಬಿರುಕು ಕಾಣಬೇಕು.
ಕೆಟ್ಟದ್ದನ್ನು ಅಳಿಸುವ ಗುಂಡಿಯ ಮೇಲೆ
ಬೆರಳಿಟ್ಟುಕೊಂಡು ಕೂತಿದ್ದೇನೆ.
ಹೊರಗೆ ಮುಂದಿನವರ ಹೆಸರು ಕೂಗುತ್ತಿದ್ದಾರೆ.