ತಾಮ್ರದ ಕಿವಿ

ನಾಲ್ಕು ಸಾವಿರ ಕ್ರೋನ. ಅಷ್ಟೇ.
ಆಗಸ್ಟಿನ ಜೌಗಿನಲ್ಲಿ ಸೊಳ್ಳೆಗಳಿಗೆ ಕತ್ತು ಕೊಟ್ಟು
ಆರಿಸಿ, ಬಕೆಟ್ಟಿಗಿಷ್ಟು ಅಂತ ಮಾರಿದ ಹಳದಿ ಹಣ್ಣಿನ ದುಡ್ಡು
ಕಾಫಿ ಡಬ್ಬದಲ್ಲಿ ಸುರುಳಿ ಸುತ್ತಿ ಕೂತಿದೆ.

ಯೋರ್ನ್ ಊರಾಚೆ, ಮುಚ್ಚಿದ ಡೇರಿಯೇ ನಮ್ಮ ಗ್ಯಾರೇಜು.
ಹೊರಗೆ ಮೈನಸ್ ಇಪ್ಪತ್ತಾರು.
ಒಳಗೆ ಎಂಬತ್ತನಾಲ್ಕರ ವೋಲ್ವೊ,
ಇಟ್ಟಿಗೆಯ ಹಾಗೆ ಚೌಕ, ಅಷ್ಟೇ ಹಟಮಾರಿ;
ಎದೆಯ ಪಕ್ಕದಲ್ಲೊಂದು ಟರ್ಬೊ,
ಬಿಟ್ಟ ಉಸಿರಿನಿಂದಲೇ ಮುಂದಿನ ಉಸಿರು ಎಳೆದುಕೊಳ್ಳುವ
ಕಬ್ಬಿಣದ ಬಸವನಹುಳು.

ಬೂಸ್ಟ್ ಕಂಟ್ರೋಲರ್ ತಗೋ, ಅಂದ ಯೆರ್ಕರ್.
ಗುಂಡಿ ಒತ್ತು, ಅರ್ಧ ಬಾರ್ ಗಾಳಿ ಹೆಚ್ಚಿಗೆ ನುಗ್ಗುತ್ತೆ.
ಅವನೂ ಹಾಕಿಸಿದ್ದ. ಹೆಪ್ಪುಗಟ್ಟಿದ ಕೆರೆಯ ಮೇಲೆ
ಮೂರು ಸುತ್ತು ಮಿಂಚು;
ನಾಲ್ಕನೆಯದಕ್ಕೆ ಪಿಸ್ಟನ್ನಿನ ನೆತ್ತಿಯಲ್ಲಿ ತೂತು.
ಈಗ ಅದರಲ್ಲಿ ಪೆನ್ನು ಸಿಕ್ಕಿಸಿಡುತ್ತಾನೆ.

ಹೊಗೆ ಮೂಸಿ ಪೆಟ್ರೋಲು ಹೆಚ್ಚಾಯಿತೋ ಕಮ್ಮಿಯೋ
ಅಂಕಿಯಲ್ಲಿ ಹೇಳುವ ಮೀಟರು ರಾಗ್ನಿಲ್ಡ್ ಕಡ ಕೊಟ್ಟಿದ್ದಾಳೆ,
ಮಂಜು ಕರಗುವವರೆಗೆ.

ಉಳಿದದ್ದು ಇನ್ನೊಂದು, ಯಾರೂ ಹೊಗಳದ ಸಾಮಾನು:
ಎಂಜಿನ್ನಿಗೆ ಬಿಗಿಯುವ ಗುಬುಟು ಮೈಕು, ಹೆಡ್‌ಫೋನು,
ಕಡಲೆಬೀಜದಷ್ಟು ಕೆಂಪು ದೀಪ.
ಕುದುರೆಬಲ ಒಂದೂ ಹೆಚ್ಚುವುದಿಲ್ಲ ಇದರಿಂದ.
ಕಿಡಿ ಅವಸರ ಮಾಡಿ ಸಿಲಿಂಡರು ಒಳಗೊಳಗೇ
ಹಲ್ಲು ಕಡಿದರೆ, ಕೇಳಿಸುತ್ತದೆ. ಅಷ್ಟೇ.

ಎವರ್ಟ್ ನಕ್ಕ. ನನ್ನ ಹತ್ತಿರ ಇದೆಯಲ್ಲ, ಅಂದ.
ಇದೆ. ತುದಿ ಜಜ್ಜಿ ಬ್ಲಾಕಿಗೆ ಬಿಗಿದ ತಾಮ್ರದ ಕೊಳವೆ,
ಅದಕ್ಕೆ ರಬ್ಬರು, ರಬ್ಬರಿಗೆ ಮರ ಕಡಿಯುವವರ ಕಿವಿಮುಚ್ಚಿಗೆ.
ಚಾಡಿ ನಂಬುವವರದು ಹಿತ್ತಾಳೆ ಕಿವಿ ಅಂತಾರೆ,
ಎವರ್ಟನದು ತಾಮ್ರ; ಎಂಜಿನ್ನೊಂದನ್ನೇ ನಂಬಿತ್ತು.
ಅದರಿಂದಲೇ ಈ ಸೀಮೆಯ ಅರ್ಧ ಕಾರುಗಳಿಗೆ ಶ್ರುತಿ ಕೂರಿಸಿದವನು.

ಆದರೆ ಆ ಕಿವಿಯೊಳಗೆ ನಲವತ್ತು ವರ್ಷದ ಗರಗಸವೂ ಇದೆ.
ಅಡುಗೆಮನೆಯ ಟೈಮರು ಕೂಗಿದ್ದು ಅವನಿಗೆ ಗೊತ್ತಾಗುವುದಿಲ್ಲ.
ಈ ತಿಂಗಳು ಎರಡು ಸಲ ಬ್ರೆಡ್ಡು ಸೀದಿದೆ.
ಆ ಕೀಚು ದನಿ, ಎಂಜಿನ್ನಿನ ಕಟಕಟ,
ಹೆಚ್ಚುಕಮ್ಮಿ ಒಂದೇ ಮೆಟ್ಟಿಲಿನವು.
ನಾನು ಬಾಯಿಬಿಟ್ಟು ಹೇಳಲಿಲ್ಲ.
ಮೈಕು ತರಿಸಿದೆ. ಇನ್ನೂರು ಕ್ರೋನ ಉಳಿಯಿತು.

ಇಲ್ಲಿಯವರು ಹೌದು ಅನ್ನುವುದಿಲ್ಲ, ಗೊತ್ತಾ.
ತುಟಿ ಚೂಪು ಮಾಡಿ ಗಾಳಿ ಒಳಗೆಳೆಯುತ್ತಾರೆ: ಶುಪ್.
ನಾನು ದಕ್ಷಿಣದ ಮಾಲ್ಮೊದವಳು,
ಮೊದಲ ಚಳಿಗಾಲವೆಲ್ಲ ಈ ಮುದುಕನಿಗೆ ದಮ್ಮು ಅಂದುಕೊಂಡಿದ್ದೆ.

ಭಾನುವಾರ ಕೆರೆಗಿಳಿದೆವು.
ಹೆಡ್‌ಫೋನು ಅವನ ತಲೆಗೆ;
ದೀಪ ಮಾತ್ರ ನನ್ನ ಕಡೆ ತಿರುಗಿಸಿ ಅಂಟಿಸಿದ್ದೆ.
ಮೂರನೇ ಗೇರು. ಬಸವನಹುಳು ಸಿಳ್ಳೆ ಹಾಕಿತು.
ಐದು ಸಾವಿರ ಸುತ್ತು ದಾಟುತ್ತಲೇ
ಕೆಂಪು, ಒಮ್ಮೆ.
ಮತ್ತೆ ಕೆಂಪು.
ಎವರ್ಟ್ ಕಣ್ಣು ಮುಚ್ಚಿದ್ದ. ಬೆಣ್ಣೆ, ಅಂದ. ಬೆಣ್ಣೆಯ ಹಾಗಿದೆ.
ಸರಿಯಾಗಿದೆಯಾ? ಕೂಗಿ ಕೇಳಿದೆ.
ಶುಪ್.

ರಾತ್ರಿ ಅವನು ಮಲಗಿದ ಮೇಲೆ
ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ
ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ.
ಎರಡು ಡಿಗ್ರಿ. ಬಿಗಿದು, ಕೈ ಒರೆಸಿ,
ಕಳ್ಳಿಯ ಹಾಗೆ ದೀಪ ಆರಿಸಿದೆ.

ಮರುದಿನ ಅದೇ ಕೆರೆ, ಅದೇ ಗೇರು.
ಕೆಂಪು ಹತ್ತಲಿಲ್ಲ.
ಎವರ್ಟ್ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡ,
ಸೀಟಿಗೆ ಬೆನ್ನೊತ್ತಿ, ಕೊಂಚ ಹೊತ್ತು ಸುಮ್ಮನಿದ್ದ.
ಯಾರೋ ಎರಡು ಡಿಗ್ರಿ ಕದ್ದಿದ್ದಾರೆ, ಅಂದ.

ಮಂಜು ಟೈರಿನ ಮೊಳೆಗಳಡಿ ಕರಕರ ಅನ್ನುತ್ತಿತ್ತು.
ಸುಳ್ಳಿಗೆ ಬಾಯಿ ತೆರೆದೆ,
ಗಾಳಿ ಒಳಗೆ ಹೋಯಿತು:
ಶುಪ್.